ತಾಯಿಹಾಲಿನ ಕಾಳಜಿ ಮಾಡಿದ ರೇಚಲ್

ಸಿಂಧನೂರಿನ ಭತ್ತದ ಗದ್ದೆಯಿರಲಿ, ಲಿಂಗಸುಗೂರು, ಮಸ್ಕಿಯ ಹತ್ತಿ ಹೊಲವಿರಲಿ, ಹಂಗಾಮು ಬಂತೆಂದರೆ ಎಣ್ಣೆ ಹೊಡೆಯೋದು ಶುರು. ಅದೇ ಹೊಲದಲ್ಲಿ ಕಳೆ ತೆಗೆಯುವವರು, ಹತ್ತಿ ಬಿಡಿಸುವವರು ನಾವು ಹೆಂಗಸರೇ. ಅವರಲ್ಲಿ ಹಾಲೂಡಿಸುವ ತಾಯಂದಿರೂ ಇರ್ತಾರೆ. ಬೆಳೆಗೆ ಹೊಡೆದ ವಿಷ ತಾಯಿಯ ಹಾಲಿಗೂ ಇಳಿಯುತ್ತದೆಂದು ಜನಸಾಮಾನ್ಯರಿಗೆ ತಿಳಿಯುವಂತೆ ಬರೆದವರೂ ಒಬ್ಬ ಹೆಣ್ಣುಮಗಳೇ. ಹೆಸರು ರೇಚಲ್ ಕಾರ್ಸನ್.

ರೇಚಲ್ ಹುಟ್ಟಿದ್ದು 1907ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಗಿಡ, ಹಕ್ಕಿಗಳ ಪರಿಚಯ ಮಾಡಿಸಿದ್ದು ತಾಯಿ. ಕಷ್ಟದಲ್ಲೇ ಜೀವಶಾಸ್ತ್ರ ಓದಿ, ಸರ್ಕಾರದ ಮೀನುಗಾರಿಕೆ ಇಲಾಖೆ ಸೇರಿದರು. ಮದುವೆಯಾಗಲಿಲ್ಲ. ಅಕ್ಕ ತೀರಿದ ಮೇಲೆ ಆಕೆಯ ಇಬ್ಬರು ಹೆಣ್ಣುಮಕ್ಕಳ ಹೊಣೆ ಹೊತ್ತರು. ಮುಂದೆ ಅವರಲ್ಲೊಬ್ಬಳು ತೀರಿಕೊಂಡಾಗ ಅವಳ ಪುಟ್ಟ ಮಗನನ್ನೂ ದತ್ತು ತಗೊಂಡರು.

1958ರಲ್ಲಿ ಗೆಳತಿಯೊಬ್ಬರ ಕಾಗದ ಬಂತು. ಸೊಳ್ಳೆ ಸಾಯಲೆಂದು ವಿಮಾನದಿಂದ ಡಿಡಿಟಿ ಸಿಂಪಡಿಸಿದ ಮೇಲೆ ಹಕ್ಕಿಗಳು ಸತ್ತು ಬಿದ್ದವೆಂಬ ಸುದ್ದಿ ಅದರಲ್ಲಿತ್ತು. ರೇಚಲ್ ನಾಲ್ಕು ವರ್ಷ ದಾಖಲೆ ಕಲೆಹಾಕಿದರು. ನಡುವೆ 1960ರಲ್ಲಿ ಅವರಿಗೇ ಸ್ತನ ಕ್ಯಾನ್ಸರ್. ಶಸ್ತ್ರಚಿಕಿತ್ಸೆಯಾಯಿತು. ಕಾಯಿಲೆಯನ್ನು ಹೊರಗೆ ತೋರಗೊಡದೆ ಬರೆದು ಮುಗಿಸಿದರು. 1962ರಲ್ಲಿ ‘ಸೈಲೆಂಟ್ ಸ್ಪ್ರಿಂಗ್’ ಪುಸ್ತಕ ಹೊರಬಂತು. ಡಿಡಿಟಿಯಂಥ ವಿಷ ಮೈಕೊಬ್ಬಿನಲ್ಲಿ ಕೂತುಬಿಡುತ್ತದೆ, ಎದೆಹಾಲಿನಲ್ಲಿ ಕೂಸಿಗೂ ದಾಟುತ್ತದೆ ಎಂಬ ಎಚ್ಚರಿಕೆ ಅದರಲ್ಲಿತ್ತು. ರಾಸಾಯನಿಕ ಕಂಪನಿಗಳು ಹರಿಹಾಯ್ದವು. ರೇಚಲ್ ಜಗ್ಗಲಿಲ್ಲ. 1963ರಲ್ಲಿ ಸೆನೆಟ್ ಸಮಿತಿಯ ಮುಂದೆ ಹೋಗಿ ಸಾಕ್ಷಿ ಹೇಳಿದರು. ಮರುವರ್ಷ ಏಪ್ರಿಲ್ 14ರಂದು, 56ನೇ ವಯಸ್ಸಿನಲ್ಲಿ ತೀರಿಕೊಂಡರು. ಅಮೆರಿಕ ಡಿಡಿಟಿ ನಿಷೇಧಿಸಿದ್ದು 1972ರಲ್ಲಿ. ಅದನ್ನು ನೋಡಲು ಅವರಿರಲಿಲ್ಲ.

ಇದು ಬರೀ ಅಮೆರಿಕದ ಕಥೆಯಲ್ಲ. ಕಾಸರಗೋಡಿನ ಪಡ್ರೆಯಲ್ಲಿ ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2001ರಲ್ಲಿ ಅಲ್ಲಿನ ತಾಯಿಹಾಲಿನಲ್ಲೂ ಅದರ ಅಂಶ ಇದೆಯೆಂದು ವರದಿ ಕೊಟ್ಟಿತು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ನಿಲ್ಲಿಸಿತು.

ಹಾಗಂತ ಹೆದರಿ ಕೂಸಿಗೆ ಹಾಲು ಬಿಡಿಸಬೇಡಿ. ಮೊದಲ 6 ತಿಂಗಳು ತಾಯಿಹಾಲಿಗಿಂತ ಒಳ್ಳೆಯದು ಬೇರಿಲ್ಲವೆಂದೇ ವೈದ್ಯರ ಮಾತು. ಬಿಡಬೇಕಾದದ್ದು ವಿಷದ ಸಹವಾಸ. ಬಸುರಿಯರು, ಬಾಣಂತಿಯರು ಎಣ್ಣೆ ಕಲಸಬಾರದು, ಹೊಡೆಯುವ ಕಡೆ ನಿಲ್ಲಬಾರದು. ಹೊಡೆದ ಹೊಲಕ್ಕೆ ಕೂಡಲೇ ಕೂಲಿಗೆ ಹೋಗಬಾರದು. ಹೊಲದಿಂದ ಬಂದವರು ಸೋಪು ಹಚ್ಚಿ ಸ್ನಾನ ಮಾಡಿ, ಬಟ್ಟೆ ಬದಲಿಸಿಯೇ ಕೂಸನ್ನು ಎತ್ತಿಕೊಳ್ಳಲಿ. ಆ ಬಟ್ಟೆಯನ್ನು ಕೂಸಿನ ಬಟ್ಟೆಯ ಜೊತೆ ಒಗೆಯಬೇಡಿ. ಖಾಲಿ ಡಬ್ಬಿಯಲ್ಲಿ ನೀರು, ಕಾಳು ತುಂಬಿಡಬೇಡಿ. ಮನೆಯ ಗಂಡಸರಿಗೂ ಇದನ್ನು ಓದಿ ಹೇಳಿ. ಹೊಲಕ್ಕೆ ಏನು ಹೊಡೆಯಬೇಕು, ಎಷ್ಟು ಹೊಡೆಯಬೇಕು ಅನ್ನೋ ಮಾತಿನಲ್ಲಿ ಮನೆಯಾಕೆಯೂ ಇರಲಿ.