ರೋಜರ್ ವಿಲಿಯಮ್ಸನ ಚರಿತ್ರೆ

ರೋಜರ್ ವಿಲಿಯಮ್ಸನು ಸುಮಾರು 1603ರಲ್ಲಿ ಲಂಡನ್ ಪಟ್ಟಣದ ಒಬ್ಬ ವರ್ತಕನ ಮಗನಾಗಿ ಹುಟ್ಟಿದನು. ಕೇಂಬ್ರಿಜಿನಲ್ಲಿ ವಿದ್ಯೆಯನ್ನು ಮುಗಿಸಿ ಬೋಧಕನಾದನು. ಆ ಕಾಲದಲ್ಲಿ ಇಂಗ್ಲೆಂಡಿನ ಅರಸನ ಸಭೆಗೆ ಒಳಪಡದವರಿಗೆ ಬಹು ಉಪದ್ರವವಿದ್ದದರಿಂದ, ಆತನು ತನ್ನ ಹೆಂಡತಿಯಾದ ಮೇರಿಯ ಸಂಗಡ ಹಡಗು ಹತ್ತಿ 1631ರಲ್ಲಿ ಅಮೇರಿಕದ ಬಾಸ್ಟನ್ ಊರನ್ನು ಸೇರಿದನು.

ಅಲ್ಲಿದ್ದ ಪ್ಯೂರಿಟನ್ ಜನರೂ ಇಂಥ ಉಪದ್ರವವನ್ನು ತಾಳಲಾರದೆ ಬಂದವರೇ. ಆದರೆ ತಾವು ಉಂಡ ಕಹಿಯನ್ನೇ ಅವರು ಇತರರಿಗೆ ಬಡಿಸಿದರು. ವಿಲಿಯಮ್ಸನು ಸೇಲಮ್ ಊರಿನಲ್ಲಿ ಬೋಧಿಸುತ್ತಾ ಎರಡು ಮಾತುಗಳನ್ನು ಧೈರ್ಯವಾಗಿ ಸಾರಿದನು. ದೇವಾರಾಧನೆಯ ವಿಷಯದಲ್ಲಿ ಮನುಷ್ಯನನ್ನು ದಂಡಿಸುವದಕ್ಕೆ ದೊರೆತನಕ್ಕೆ ಅಧಿಕಾರವಿಲ್ಲವೆಂಬದು ಒಂದು. ಮೂಲನಿವಾಸಿಗಳ ಭೂಮಿಯನ್ನು ಅವರಿಂದ ಕೊಳ್ಳದೆ ಅರಸನ ಸನ್ನದಿನ ಬಲದಿಂದ ಹಿಡಿದುಕೊಳ್ಳುವದು ಅನ್ಯಾಯವೆಂಬದು ಮತ್ತೊಂದು. ಇದಕ್ಕಾಗಿ 1635ರ ಅಕ್ಟೋಬರಿನಲ್ಲಿ ನ್ಯಾಯಸ್ಥಾನದವರು ಆತನಿಗೆ ಗಡೀಪಾರು ವಿಧಿಸಿದರು.

ತನ್ನನ್ನು ಹಿಡಿದು ಇಂಗ್ಲೆಂಡಿಗೆ ಕಳುಹಿಸುವರೆಂದು ತಿಳಿದು, 1636ರ ಜನವರಿಯಲ್ಲಿ ಆತನು ಹೆಂಡತಿ ಮಕ್ಕಳನ್ನು ಬಿಟ್ಟು ಹಿಮದೊಳಗೆ ಅಡವಿಯ ದಾರಿ ಹಿಡಿದನು. ಕ್ರೈಸ್ತರು ಹೊರಗೆ ಹಾಕಿದವನನ್ನು ಕ್ರೈಸ್ತರಲ್ಲದ ಮೂಲನಿವಾಸಿಗಳು ಸೇರಿಸಿಕೊಂಡು ಕಾಪಾಡಿದರು. ನಾರಗಾನ್ಸೆಟ್ ಜನರ ಮುಖ್ಯಸ್ಥರಿಂದ ಭೂಮಿಯನ್ನು ಪಡೆದು ಊರು ಕಟ್ಟಿ, ದೇವರ ಪರಾಮರಿಕೆಯನ್ನು ನೆನಸಿ ಅದಕ್ಕೆ ಪ್ರಾವಿಡೆನ್ಸ್ ಎಂದು ಹೆಸರಿಟ್ಟನು. ಅಲ್ಲಿಯ ಅಧಿಕಾರಿಗಳಿಗೆ ಲೌಕಿಕ ಕಾರ್ಯಗಳಲ್ಲಿ ಮಾತ್ರ ಅಧಿಕಾರವಿತ್ತು. ಮನಸ್ಸಾಕ್ಷಿಯು ಕರ್ತನಿಗೆ ಬಿಡಲ್ಪಟ್ಟಿತು. 1644ರಲ್ಲಿ ಆತನು ಈ ವಿಷಯವಾಗಿ ಲಂಡನಿನಲ್ಲಿ ಅಚ್ಚು ಹಾಕಿಸಿದ ಪುಸ್ತಕವನ್ನು ಸುಡಬೇಕೆಂದು ಪಾರ್ಲಿಮೆಂಟು ಆಜ್ಞಾಪಿಸಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸತಕ್ಕದ್ದು. ಕ್ವೇಕರರ ಬೋಧನೆಯು ತಪ್ಪೆಂದು ವಿಲಿಯಮ್ಸನು ದೃಢವಾಗಿ ನಂಬಿದ್ದನು. ಬಾಸ್ಟನಿನವರು 1659ರಿಂದ 1661ರೊಳಗೆ ನಾಲ್ವರು ಕ್ವೇಕರರನ್ನು ಗಲ್ಲಿಗೇರಿಸಿದರು. ವಿಲಿಯಮ್ಸನಾದರೋ 1672ರಲ್ಲಿ, ಮುಪ್ಪಿನ ಕಾಲದಲ್ಲಿಯೂ, ಅವರ ಸಂಗಡ ಬಹಿರಂಗವಾಗಿ ವಾದಿಸಿದನು; ಅವರನ್ನು ತನ್ನ ಸೀಮೆಯಿಂದ ಅಟ್ಟಲಿಲ್ಲ. ತಪ್ಪನ್ನು ವಾಕ್ಯದಿಂದ ಎದುರಿಸಬೇಕು, ಕತ್ತಿಯಿಂದಲ್ಲವೆಂಬದೇ ಆತನ ಮತವಾಗಿತ್ತು.

1676ರ ಯುದ್ಧದಲ್ಲಿ ಆತನ ಮನೆಯು ಸುಟ್ಟುಹೋಯಿತು. 1683ರಲ್ಲಿ ಬಡವನಾಗಿಯೇ ತೀರಿಕೊಂಡನು. ಆದರೆ ಆತನು ಬಿತ್ತಿದ ಬೀಜವು ಸಾಯಲಿಲ್ಲ. ಸರಕಾರವು ಯಾವ ಮತವನ್ನೂ ಸ್ಥಾಪಿಸಬಾರದು, ಯಾರ ಆರಾಧನೆಯನ್ನೂ ತಡೆಯಬಾರದು ಎಂಬ ನಿಬಂಧನೆಯು 1791ರಲ್ಲಿ ಅಮೇರಿಕದ ರಾಜ್ಯಾಂಗಕ್ಕೆ ಸೇರಿತು. ಗಡೀಪಾರಿನ ಆಜ್ಞೆಯನ್ನು ಮ್ಯಾಸಚೂಸೆಟ್ಸಿನ ಶಾಸನಸಭೆಯು 1936ರಲ್ಲಿ ರದ್ದುಮಾಡಿತು. ಸರಕಾರಿ ಶಾಲೆಗಳ ಪ್ರಾರ್ಥನೆಯೇ ಮುಂತಾದ ವಿಷಯಗಳಲ್ಲಿ ಆ ದೇಶದ ನ್ಯಾಯಸ್ಥಾನಗಳಲ್ಲಿ ಇಂದಿಗೂ ವ್ಯಾಜ್ಯಗಳು ನಡೆಯುತ್ತವೆ.

ಪ್ರಿಯ ವಾಚಕರೇ, ನಾವು ಸ್ವಲ್ಪ ಜನರಾಗಿರುವಲ್ಲಿ ಸ್ವಾತಂತ್ರ್ಯವನ್ನು ಕೇಳುವದು ಸುಲಭ. ನಾವು ಬಹು ಜನರಾಗಿರುವಲ್ಲಿ ಅದನ್ನು ನೆರೆಯವನಿಗೆ ಕೊಡುವದರಲ್ಲಿಯೇ ನಮ್ಮ ಪರೀಕ್ಷೆಯಿದೆ.