ಗೋಡೆಯ ಮಗ್ಗುಲಲ್ಲಿ ನಾದವನ್ನು ಹುಡುಕಿದ ರಾಮನ್

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಮನೆಗಳಿಗೂ ಹೋಂ ಥಿಯೇಟರ್ ಕಾಲಿಟ್ಟು ವರ್ಷಗಳೇ ಸಂದಿವೆ. ದುಬಾರಿ ಬೆಲೆ ತೆತ್ತು ತಂದ ಸ್ಪೀಕರ್ ಹಜಾರದ ಒಂದು ಮೂಲೆಯಲ್ಲಿ ಗುಡುಗುತ್ತದೆ, ಇನ್ನೊಂದೆಡೆ ಸೊರಗುತ್ತದೆ. ಕೊಂಡವರು ಯಂತ್ರವನ್ನು ದೂರುತ್ತಾರೆ. ಗೋಡೆಯ ಸನಿಹದಲ್ಲಿ ಧ್ವನಿ ಹೇಗೆ ವರ್ತಿಸುತ್ತದೆ ಎಂಬುದನ್ನು ಶತಮಾನದ ಹಿಂದೆಯೇ ಪರೀಕ್ಷಿಸಿದವರಲ್ಲಿ ಸರ್ ಸಿ.ವಿ. ರಾಮನ್ ಒಬ್ಬರು. ಬಾಳಿನ ಕೊನೆಯ 37 ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಅವರನ್ನು ನಾಡು ಬೆಳಕಿನ ವಿಜ್ಞಾನಿಯೆಂದೇ ಸ್ಮರಿಸುತ್ತದೆ. ಆದರೆ ಅವರ ತಾರುಣ್ಯದ ದೊಡ್ಡ ಪಾಲು ನಾದಕ್ಕೆ ಮೀಸಲಾಗಿತ್ತು.

1888ರ ನವೆಂಬರ್ 7ರಂದು ತಿರುಚಿನಾಪಳ್ಳಿಯಲ್ಲಿ ಜನಿಸಿದ ರಾಮನ್ ಅವರ ತಂದೆ ಪಿಟೀಲು ನುಡಿಸುತ್ತಿದ್ದರು. ಪತ್ನಿ ಲೋಕಸುಂದರಿ ವೀಣೆ ಬಲ್ಲವರು. 1907ರಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ತೆರಳಿದ ರಾಮನ್, ಕಚೇರಿಯ ವೇಳೆಗೆ ಮುನ್ನ ಮತ್ತು ಅನಂತರ ಬೌಬಜಾರಿನ ವಿಜ್ಞಾನ ಸಂಸ್ಥೆಯಲ್ಲಿ ಪ್ರಯೋಗ ನಡೆಸತೊಡಗಿದರು. ಪಿಟೀಲಿನ ತಂತಿ ಕಮಾನಿನಡಿ ಕಂಪಿಸುವ ಬಗೆಯನ್ನು ಅರಿಯಲು ಯಂತ್ರವನ್ನೇ ಕಟ್ಟಿದರು. 1917ರಲ್ಲಿ ಭದ್ರವಾದ ಸರ್ಕಾರಿ ಹುದ್ದೆಯನ್ನು ತೊರೆದು, ಕಡಿಮೆ ಸಂಬಳದ ಪ್ರಾಧ್ಯಾಪಕ ಪೀಠವನ್ನು ಒಪ್ಪಿಕೊಂಡರು. ಮೃದಂಗದ ಬಲಮುಖಕ್ಕೆ ಬಳಿಯುವ ಕಪ್ಪು ಲೇಪವು ಚರ್ಮವಾದ್ಯಕ್ಕೆ ತಂತಿವಾದ್ಯದಂಥ ಸ್ವರಶುದ್ಧಿಯನ್ನು ಕೊಡುತ್ತದೆ ಎಂಬುದನ್ನು 1920ರಲ್ಲಿ ಜಗತ್ತಿಗೆ ತಿಳಿಸಿದರು. ಕುಶಲಕರ್ಮಿಗಳ ಪರಂಪರಾಗತ ಜ್ಞಾನಕ್ಕೆ ವಿಜ್ಞಾನದ ಮನ್ನಣೆ ದೊರೆಯಿತು.

1921ರಲ್ಲಿ ಮೊದಲ ಬಾರಿ ಇಂಗ್ಲೆಂಡಿಗೆ ತೆರಳಿದಾಗ, ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಗುಮ್ಮಟದ ಪಿಸುಗುಟ್ಟುವ ಮೊಗಸಾಲೆ ಅವರನ್ನು ಸೆಳೆಯಿತು. ಒಂದು ಬದಿಯ ಪಿಸುಮಾತು ಗೋಡೆಗುಂಟ ಸಾಗಿ ಎದುರು ಬದಿಗೆ ಕೇಳಿಸುತ್ತದೆಂದು ಲಾರ್ಡ್ ರೇಲಿ ಈ ಮೊದಲೇ ವಿವರಿಸಿದ್ದರು. ಸದರ್ಲೆಂಡ್ ಎಂಬುವರೊಡನೆ ಪರೀಕ್ಷಿಸಿದ ರಾಮನ್ ಅವರಿಗೆ ಅಷ್ಟರಿಂದ ತೃಪ್ತಿಯಾಗಲಿಲ್ಲ. ಗೋಡೆಯಿಂದ ತುಸು ತುಸು ಒಳಸರಿದಂತೆ ಧ್ವನಿ ಒಮ್ಮೆ ಕುಗ್ಗಿ ಮತ್ತೆ ಹಿಗ್ಗುವುದನ್ನು ಅವರು ಕಂಡುಕೊಂಡರು. ಸ್ವದೇಶಕ್ಕೆ ಮರಳಿದ ಬಳಿಕ ವಿಜಾಪುರದ ಗೋಲಗುಮ್ಮಟವೂ ಅವರ ಅಧ್ಯಯನಕ್ಕೆ ವಸ್ತುವಾಯಿತು. ಅದೇ ಪ್ರವಾಸದಿಂದ ಹಿಂದಿರುಗುವಾಗ ಹಡಗಿನಿಂದ ಕಂಡ ಕಡಲಿನ ನೀಲಿ ಬಣ್ಣ ಅವರನ್ನು ಬೆಳಕಿನತ್ತ ಒಯ್ದಿತು. 1928ರ ರಾಮನ್ ಪರಿಣಾಮಕ್ಕೆ 1930ರಲ್ಲಿ ನೊಬೆಲ್ ಸಂದಿತು.

ಗುಮ್ಮಟದ ಬಾಗಿದ ಗೋಡೆಗೂ ಮನೆಯ ಚೌಕ ಕೋಣೆಗೂ ಅಂತರವಿದೆ. ಆದರೆ ಅಲೆಗಳು ಕೂಡುವಲ್ಲಿ ಧ್ವನಿ ಹೆಚ್ಚುವ, ಎದುರಾಗುವಲ್ಲಿ ತಗ್ಗುವ ನಿಯಮ ಎರಡಕ್ಕೂ ಒಂದೇ. 4 ಮೀಟರ್ ಉದ್ದದ ಕೋಣೆಯಲ್ಲಿ ಸುಮಾರು 43 ಹರ್ಟ್ಸ್ ನಾದ ಎದುರುಬದುರು ಗೋಡೆಗಳ ಬಳಿ ಉಬ್ಬಿ, ನಟ್ಟನಡುವೆ ಅಡಗುತ್ತದೆ. ಆದುದರಿಂದ ಸ್ಪೀಕರನ್ನು ಮೂಲೆಗೆ ಒತ್ತರಿಸಿದರೆ ಮಂದ್ರ ಸ್ವರ ಮಿತಿಮೀರುತ್ತದೆ. ಎರಡು ಸ್ಪೀಕರ್ ಹಾಗೂ ಕೇಳುಗ ಸಮಭುಜ ತ್ರಿಕೋನದ ಮೂರು ತುದಿಗಳಲ್ಲಿರುವುದು, ಆಸನ ಹಿಂಗೋಡೆಗೆ ಅಂಟದಿರುವುದು ಲೇಸು. 5.1 ವ್ಯವಸ್ಥೆಯ ಹಿಂಬದಿ ಸ್ಪೀಕರುಗಳು ಕೇಳುಗನ ಎದುರು ದಿಕ್ಕಿನಿಂದ ಎರಡೂ ಪಕ್ಕಕ್ಕೆ 110ರಿಂದ 120 ಡಿಗ್ರಿ ಕೋನದಲ್ಲಿರಬೇಕು. ಇದಕ್ಕೆ ಹೊಸ ಯಂತ್ರ ಬೇಕಿಲ್ಲ, ಅಳತೆಯ ಟೇಪು ಸಾಕು.

1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದ ರಾಮನ್, ವಿವಾದಗಳ ನಡುವೆ 1937ರಲ್ಲಿ ಆ ಹುದ್ದೆ ಬಿಟ್ಟರೂ ಪ್ರಾಧ್ಯಾಪಕರಾಗಿ ಮುಂದುವರಿದರು. 1948ರಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದರು. 1954ರಲ್ಲಿ ಭಾರತರತ್ನ ಒಲಿಯಿತು. 1970ರ ನವೆಂಬರ್ 21ರಂದು ನಿಧನರಾದ ಅವರ ಅಂತ್ಯಕ್ರಿಯೆ ಸಂಸ್ಥೆಯ ಅಂಗಳದಲ್ಲೇ ನೆರವೇರಿತು. ಅಲ್ಲಿ ಸಮಾಧಿ ಕಟ್ಟಲಿಲ್ಲ, ಒಂದು ಮರವನ್ನು ನೆಡಲಾಯಿತು.