ಷರೀಫರ ಒಗಟಿನ ಪದಗಳು

ಕೋಳಿಯೊಂದು ಕೋತಿಯನ್ನು ನುಂಗುತ್ತದೆ. ಆಡು ಆನೆಯನ್ನು ನುಂಗುತ್ತದೆ. ಕುಣಿಯಬಂದವಳನ್ನು ಮದ್ದಳೆಯೇ ನುಂಗಿಬಿಡುತ್ತದೆ. ಸಿ. ಅಶ್ವತ್ಥರ ಕಂಠದಿಂದ ನಾಡಿನ ಮೂಲೆಮೂಲೆಗೂ ಹಬ್ಬಿದ ಈ ಪದ ನಮ್ಮ ಬಸರಾಳಿನ ಕಡೆಯ ಮಕ್ಕಳಿಗೂ ಹೊಸದಲ್ಲ. ಕೇಳಿ ನಗುವುದು ತಪ್ಪೇನೂ ಅಲ್ಲ. ಆದರೆ ಇದನ್ನು ಕಟ್ಟಿದವರ ಬಾಳನ್ನು ಬಲ್ಲವರಿಗೆ ನಗೆಯ ಹಿಂದೆ ಇನ್ನೊಂದು ದನಿ ಕೇಳಿಸೀತು.

ಶಿಶುನಾಳದ ಷರೀಫರು ಹುಟ್ಟಿದ್ದು 1819ರಲ್ಲಿ, ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನಲ್ಲಿ. ತಂದೆ ಇಮಾಮ ಸಾಹೇಬರು. ಓದುಬರಹ ಕಲಿತು ಕೆಲಕಾಲ ಶಾಲೆಯಲ್ಲಿ ಮಾಸ್ತರಿಕೆ ಮಾಡಿದರು. ಆ ಕೆಲಸ ಅವರನ್ನು ಬಹುಕಾಲ ಹಿಡಿದಿಡಲಿಲ್ಲ. ಕಳಸದ ಗೋವಿಂದಭಟ್ಟರನ್ನು ಗುರುವೆಂದು ಒಪ್ಪಿಕೊಂಡದ್ದೇ ಅವರ ಜೀವನದ ದೊಡ್ಡ ಘಟನೆ. ಶಿಷ್ಯ ಮುಸಲ್ಮಾನ, ಗುರು ಬ್ರಾಹ್ಮಣ. ಎರಡು ಕಡೆಯವರೂ ಮುನಿದರು. ಗುರು ಶಿಷ್ಯನಿಗೆ ಜನಿವಾರ ತೊಡಿಸಿದರೆಂದು ಜನ ಇಂದಿಗೂ ಹೇಳುತ್ತಾರೆ. ಮಡದಿ ಫಾತಿಮಾ ಬೇಗನೆ ತೀರಿಕೊಂಡರು. ಮತ್ತೆ ಉಳಿದದ್ದು ಬಡತನ, ಹಾಡು, ಗುರು.

ಕೋತಿಯೆಂದರೆ ಚಂಚಲವಾದ ಮನಸ್ಸು ಎಂದು ಟೀಕೆ ಬರೆಯುವವರುಂಟು. ಇದ್ದೀತು. ಆದರೆ ಪ್ರತಿಯೊಂದು ಪ್ರಾಣಿಗೂ ಒಂದೊಂದು ತತ್ತ್ವದ ಚೀಟಿ ಅಂಟಿಸುವುದು ನನಗೆ ಒಪ್ಪಿಗೆಯಿಲ್ಲ. ನುಂಗುವುದು ಒಂದರಿಂದೊಂದಕ್ಕೆ ಸಾಗಿ, ಕೊನೆಗೆ ಗುರುವಿನ ಪಾದ ಹಾಡುವವನನ್ನೇ ನುಂಗುವಲ್ಲಿ ಪದ ಮುಗಿಯುತ್ತದೆ. ಜಾತಿಯೂ ಹೆಸರೂ 'ನಾನು' ಎಂಬುದೂ ಅಲ್ಲಿ ಕರಗಿದವು. ಊರಿನವರು ಕ್ಷಮಿಸದಿದ್ದ ಸಂಗತಿಯನ್ನು ಷರೀಫರು ಊರವರೆದುರೇ ಮಕ್ಕಳಾಟದ ಮಾತಿನಲ್ಲಿ ಹಾಡಿಬಿಟ್ಟರು.

ಒಳಾರ್ಥಕ್ಕೆ ಕೈಹಾಕುವ ಮುನ್ನ ವಸ್ತುವನ್ನು ಅರಿಯಬೇಕು. ಸೋರುವ ಮಾಳಿಗೆಯ ಪದ ಹೆಂಚಿನ ಮನೆಯಲ್ಲಿ ಬೆಳೆದ ನಮಗೆ ಒಮ್ಮೆಲೇ ದಕ್ಕದು. ಧಾರವಾಡದ ಕಡೆಯ ಮಾಳಿಗೆಯೆಂದರೆ ತೊಲೆಗಳ ಮೇಲೆ ಮಣ್ಣು ಹಾಸಿದ ಮಟ್ಟಸವಾದ ಚಾವಣಿ. ಮಳೆಗೆ ಮೊದಲು ಅದನ್ನು ಸರಿಮಾಡದಿದ್ದರೆ ಸೋರುವುದು ಖಂಡಿತ. ಇದನ್ನು ಕಂಡವನಿಗೆ ಮನೆಯೇ ದೇಹವೆಂದೂ ಸೋರಿಕೆಗೆ ಕಾರಣ ಅಜ್ಞಾನವೆಂದೂ ಹೊಳೆಯಲು ಪಂಡಿತರು ಬೇಕಿಲ್ಲ. ಸೇದುವ ಗುಡುಗುಡಿಯನ್ನೂ ಹೊಸದಾಗಿ ಬಂದ ಗಿರಣಿಯನ್ನೂ ಅವರು ಹೀಗೆಯೇ ಪದಕ್ಕೆ ಎಳೆದುಕೊಂಡರು.

1889ರಲ್ಲಿ ಷರೀಫರು ತೀರಿಕೊಂಡಾಗ ಎರಡೂ ಮತದವರು ತಮ್ಮ ತಮ್ಮ ವಿಧಿಗಳನ್ನು ನೆರವೇರಿಸಿದರೆಂದು ಪ್ರತೀತಿ. ಪದಗಳು ಬಾಯಿಂದ ಬಾಯಿಗೆ ನಡೆದು ಬಂದವು, ಪಾಠಭೇದಗಳೂ ಹುಟ್ಟಿಕೊಂಡವು. 1990ರಲ್ಲಿ ಟಿ. ಎಸ್. ನಾಗಾಭರಣರು ಅವರ ಬಾಳನ್ನು ತೆರೆಗೆ ತಂದರು. 2008ರಲ್ಲಿ ರಘು ದೀಕ್ಷಿತರ ತಂಡ ಗುಡುಗುಡಿಯ ಪದವನ್ನೂ ಮಾಳಿಗೆಯ ಪದವನ್ನೂ ಗಿಟಾರಿನ ರಾಕ್ ಸಂಗೀತಕ್ಕೆ ಹೊಂದಿಸಿ ಹಾಡಿತು.